ತಲಪಾಡಿಯಿಂದ ರಾಣಿಪುರಂ: ಇಬ್ಬರು, ಒಂದು ಈಕೋ, ನಾಲ್ಕು ರಾತ್ರಿ. ಎಲ್ಲಿ ನಿಲ್ಲುದು, ಎಂತ ಹಾಕುದು?

ಪಯಸ್ವಿನಿ:
5 ಸೀಟಿನ ಪೆಟ್ರೋಲ್ ಮಾರುತಿ ಈಕೋ ವ್ಯಾನ್, ಬಿಳಿ ಬೋರ್ಡು. ಗಂಡ ಹೆಂಡತಿ ಇಬ್ಬರೇ. ತಲಪಾಡಿಯಲ್ಲಿ ಕೇರಳ ಗಡಿ ದಾಟಿ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಅನಂತಪುರ, ಮಧೂರು, ಬೇಕಲ, ಕಾಞಂಗಾಡು, ರಾಣಿಪುರಂ. ಅಲ್ಲಿಂದ ಪಾಣತ್ತೂರು–ಕರಿಕೆ ದಾರಿಯಲ್ಲಿ ಕೊಡಗಿನ ಭಾಗಮಂಡಲಕ್ಕೆ ಹತ್ತುವ ಅಂದಾಜು. ಡಿಸೆಂಬರ್. ರೂಮು ಬೇಡ, ಗಾಡಿಯಲ್ಲೇ ಮಲಗುದು, ಖರ್ಚು ಕಮ್ಮಿ ಆಗಬೇಕು. ಫ್ರಿಜ್, 100 Ah ಬ್ಯಾಟರಿ, ಸೋಲಾರ್, ಟೆಂಟು ಅಂತ ಪಟ್ಟಿ ಉದ್ದ ಆಗ್ತಾ ಉಂಟು. ಇದರಲ್ಲಿ ಯಾವುದು ನಿಜಕ್ಕೂ ಬೇಕು? ಸೀಟು ತೆಗೆದು ಮಂಚ ಫಿಕ್ಸ್ ಮಾಡಬಹುದಾ?

ಸ್ಪ್ಯಾನರ್ ಪೆಟ್ಟಿಗೆ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ RCಯಲ್ಲಿರುವ ವಿವರಕ್ಕೆ ವ್ಯತ್ಯಾಸ ಆಗುವ ಬದಲಾವಣೆಗೆ RTO ಒಪ್ಪಿಗೆ ಬೇಕು. ಸೀಟು ಕಳಚಿದರೆ ಸೀಟಿನ ಸಂಖ್ಯೆ ಬದಲಾಯ್ತು, ಛಾವಣಿ ಕೊರೆದು ಫ್ಯಾನ್ ಕೂರಿಸಿದರೆ ಬಾಡಿ ಬದಲಾಯ್ತು. ಮೋಟಾರ್ ಕಾರವಾನ್ ಅಂತಲೇ ನೋಂದಾಯಿಸಬೇಕಾದರೆ AIS-124 ಮಾನದಂಡ ಉಂಟು, ನಾಲ್ಕು ರಾತ್ರಿಯ ತಿರುಗಾಟಕ್ಕೆ ಆ ಉಸಾಬರಿ ಯಾಕೆ? ಗಾಡಿಗೆ ಒಂದೇ ಒಂದು ತೂತು ಹೊಡೆಯದೆ, ಸಾಮಾನು ಇಳಿಸಿದ ಹಾಗೆ ಹತ್ತು ನಿಮಿಷದಲ್ಲಿ ಇಳಿಸಿ ಇಡಬಹುದಾದ ಮಂಚ ಮಾಡಿ. ಅದು ಲಗೇಜು, ಮಾಡಿಫಿಕೇಶನ್ ಅಲ್ಲ.

ಕೇರಳದಲ್ಲಿ ಚೆಕ್ಕಿಂಗ್ ಕಟ್ಟುನಿಟ್ಟು. ಓಡುವ ಗಾಡಿಯ ಕಿಟಕಿಗೆ ಕರ್ಟನ್ ಇದ್ದರೆ ದಂಡ, ಮುಂದೆ ಹೆಚ್ಚುವರಿ LED ಇದ್ದರೂ ದಂಡ. ಮರೆಗೆ ಬಬಲ್ ಫಾಯಿಲ್ ಶೀಟನ್ನು ಕಿಟಕಿಯ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಬಟ್ಟೆ ಟೇಪ್ ಹಾಕಿ, ನಿಂತ ಮೇಲೆ ಸಿಕ್ಕಿಸಿ. ಬೆಳಿಗ್ಗೆ ಹೊರಡುವ ಮೊದಲು ತೆಗೆದು ಹಾಸಿಗೆಯ ಅಡಿಗೆ.

ಬದಿಯಡ್ಕ ಆಚಾರಿ:
ಮಂಚದ ಲೆಕ್ಕ ಹೇಳ್ತೇನೆ. ಪ್ಲೈವುಡ್ 12 mm ಸಾಕು, ಆದರೆ IS 710 ಮರೀನ್ ಗ್ರೇಡೇ ಇರಲಿ. ನಮ್ಮ ಕರಾವಳಿಯ ಗಾಳಿಗೆ ಅಗ್ಗದ MR ಪ್ಲೈ ಒಂದು ಮಳೆಗಾಲದಲ್ಲಿ ಅಂಚು ಬಿಟ್ಟುಕೊಳ್ತದೆ. 18 mm ಹಾಕಿದರೆ 8×4 ಶೀಟಿನ ತೂಕ 30 ಕಿಲೋ ದಾಟ್ತದೆ, ಸುಮ್ಮನೆ ಭಾರ. 12 mmಗೆ ಪ್ರತಿ 40–45 ಸೆಂಟಿಮೀಟರಿಗೆ ಒಂದು ಅಡ್ಡಪಟ್ಟಿ ಕೊಡಿ, ಇಲ್ಲದಿದ್ರೆ ನಡು ಬಗ್ಗಿ ಇಬ್ಬರೂ ಮಧ್ಯಕ್ಕೆ ಜಾರ್ತೀರಿ.

ಹಲಗೆ ಮೂರು ತುಂಡು. ಸೀಟು ಮಡಚಿ ಮುಂದಿನ ಸೀಟನ್ನು ಸರಿಯುವಷ್ಟು ಮುಂದಕ್ಕೆ ಸರಿಸಿದ ಮೇಲೆ ಸಿಗುವ ಉದ್ದವನ್ನು ನಿಮ್ಮ ಗಾಡಿಯಲ್ಲೇ ಟೇಪ್ ಹಿಡಿದು ಅಳೆಯಿರಿ. ವೀಲ್ ಆರ್ಚಿನ ಹತ್ತಿರದ ಅಗಲ ಬೇರೆ, ಕಿಟಕಿಯ ಹತ್ತಿರದ ಅಗಲ ಬೇರೆ. ಇಂಟರ್ನೆಟ್ಟಿನ ನಕ್ಷೆ ನೋಡಿ ಹಲಗೆ ಕೊಯ್ಯಬೇಡಿ. ಕಾಲುಗಳ ಅಡಿಗೆ ರಬ್ಬರ್ ಬುಷ್. ಹಿಂಜ್, ಸ್ಕ್ರೂ ಎಲ್ಲ SS 304.

ಇನ್ನು ಹೆಚ್ಚಿನವರು ಬಿಡುವ ಕೆಲಸ: ಹಲಗೆಗೆ 25 mm ಹೋಲ್-ಸಾದಲ್ಲಿ 15 ಸೆಂಟಿಮೀಟರಿಗೊಂದು ತೂತು. ರಾತ್ರಿಯಿಡೀ ಇಬ್ಬರ ಉಸಿರು ಬೆವರಿನಲ್ಲಿ ಅರ್ಧ ಲೀಟರ್ ಹತ್ತಿರ ನೀರು ಹೊರಗೆ ಬರ್ತದೆ. ಅದು ಫೋಮ್ ಇಳಿದು ತಣ್ಣಗಿನ ಹಲಗೆಗೆ ತಾಗಿ ಹನಿಯಾಗ್ತದೆ. ಮೂರನೇ ದಿನ ಹಾಸಿಗೆ ಎತ್ತಿದರೆ ಅಡಿಯಲ್ಲಿ ಬಿಳಿ ಬೂಸ್ಟು. ತೂತಿದ್ದರೂ ಪ್ರತಿ ಬೆಳಿಗ್ಗೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ಅರ್ಧ ಗಂಟೆ ಬಿಡಿ. ಫೋಮ್ 3 ಇಂಚು, 40 ಡೆನ್ಸಿಟಿ, ಮೂರು ಮಡಿಕೆ. 5 ಇಂಚು ಹಾಕಿದರೆ ಎದ್ದು ಕೂರುವಾಗ ತಲೆ ಟಾಪಿಗೆ ಬಡೀತದೆ.

ಹೊಸೂರ್ ಗೇಟ್:
ಇಷ್ಟೆಲ್ಲ ಯಾಕೆ ಸರ್, ಬಾಡಿಗೆ ಕಾರವಾನ್ ತಗೊಳ್ಳಿ. ಟಾಯ್ಲೆಟ್, ಎಸಿ ಎಲ್ಲ ಇರುತ್ತೆ. ಕೇರಳದವರೇ 2021ರಲ್ಲಿ ಕಾರವಾನ್ ಟೂರಿಸಂ ಶುರು ಮಾಡಿದ್ರಲ್ಲ.

ಸ್ಪ್ಯಾನರ್ ಪೆಟ್ಟಿಗೆ:
ಮಾಡಿದ್ದಾರೆ, ಮೊದಲ ಪಾರ್ಕ್ ಆದದ್ದು ವಾಗಮಣ್‌ನಲ್ಲಿ, ಇಡುಕ್ಕಿ ಜಿಲ್ಲೆ. ಕಾಸರಗೋಡಿನವರಿಗೆ ಅದಕ್ಕಿಂತ ಮೈಸೂರು ಹತ್ತಿರ. ಬಾಡಿಗೆ ಕಾರವಾನ್ ಅಂದರೆ ಟ್ರಾವೆಲರ್ ಗಾತ್ರದ ಗಾಡಿ. ಅನಂತಪುರದ ಒಳದಾರಿ, ಕರಿಕೆ ಘಾಟಿಯಲ್ಲಿ ಎದುರಿಂದ ಜೀಪು ಬಂದರೆ ರಿವರ್ಸ್ ಹೋಗುವವರು ನೀವೇ. ದಿನದ ಬಾಡಿಗೆಯಲ್ಲಿ ಇಬ್ಬರಿಗೆ ಒಳ್ಳೆ ಹೋಟೆಲೇ ಸಿಗ್ತದೆ. ಕಮ್ಮಿ ಖರ್ಚು ಅಂತ ಕೇಳಿದವರಿಗೆ ಇದು ಉತ್ತರ ಅಲ್ಲ.

ಅರ್ಥಿಂಗ್ ಅಣ್ಣ:
ಕರೆಂಟಿನ ವಿಷಯ. ಫ್ರಿಜ್ ಬಿಡಿ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿತದೆ.

ಲೆಕ್ಕ ನೋಡಿ. 40 ಲೀಟರಿನ ಕಂಪ್ರೆಸರ್ ಫ್ರಿಜ್ ನಮ್ಮ ಸೆಕೆಗೆ ದಿನಕ್ಕೆ 400 Wh (ವ್ಯಾಟ್-ಅವರ್) ಆಸುಪಾಸು ಎಳೀತದೆ. ಉಳಿದದ್ದೆಲ್ಲ ಸೇರಿದರೂ ಅಷ್ಟಿಲ್ಲ: 20 W BLDC ಫ್ಯಾನ್ 8 ಗಂಟೆಗೆ 160, 3 ವ್ಯಾಟಿನ ಎರಡು ಸಣ್ಣ ಫ್ಯಾನ್ 48, ಲೈಟು 20, ಎರಡು ಮೊಬೈಲು 40. ಒಟ್ಟು 270 Wh ಒಳಗೆ. ಇದಕ್ಕೆ 12.8 V 50 Ah LiFePO4 (ಲಿಥಿಯಂ) ಬ್ಯಾಟರಿ ಸಾಕು, ಅದರಲ್ಲಿ 640 Wh ಉಂಟು. ಮನೆಯ ಇನ್ವರ್ಟರಿನ 150 Ah ಟ್ಯೂಬುಲರ್ ತಂದು ಇಡುವ ಯೋಚನೆ ಇದ್ದರೆ ಬಿಡಿ. 50 ಕಿಲೋ ದಾಟ್ತದೆ, ಅರ್ಧಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ, ಆಸಿಡ್ ಚೆಲ್ಲಿದರೆ ನೆಲದ ತಗಡು ಹೋಯ್ತು.

ಚಾರ್ಜಿಗೆ 20 A ಡಿಸಿ-ಡಿಸಿ ಚಾರ್ಜರ್ (ಗಾಡಿಯ ಕರೆಂಟನ್ನು ಹದ ಮಾಡಿ ಎರಡನೇ ಬ್ಯಾಟರಿಗೆ ಕೊಡುವಂಥದ್ದು) ಹಾಕಿ. ಬರೇ ರಿಲೇ ಇಟ್ಟು ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟು ಮಾಡುವ ಯಂತ್ರ) ಲಿಥಿಯಂಗೆ ನೇರ ಕೊಡುವವರಿದ್ದಾರೆ. ಲಿಥಿಯಂ ಒಳಗಿನ ರೆಸಿಸ್ಟೆನ್ಸ್ ತೀರಾ ಕಡಿಮೆ, ಕೊಟ್ಟಷ್ಟೂ ನುಂಗ್ತದೆ. ಗಾಡಿ ಟ್ರಾಫಿಕ್ಕಿನಲ್ಲಿ ಐಡಲ್ ಇದ್ದಾಗ ಆಲ್ಟರ್ನೇಟರಿನ ಫ್ಯಾನ್ ನಿಧಾನ, ಲೋಡು ಪೂರ್ತಿ, ಒಳಗಿನ ಡಯೋಡ್ ಸುಡ್ತದೆ. ಚಾರ್ಜರಿಗೆ ವಯರು 10 sq mm ತಾಮ್ರ. ಹೋಗಿ ಬರುವ ಉದ್ದ 8 ಮೀಟರ್ ಅಂದುಕೊಂಡರೆ 20 ಆಂಪಿಯರಿಗೆ 0.3 V ಇಳೀತದೆ. 4 sq mm ಹಾಕಿದರೆ 0.7 V ಮೇಲೆ ಹೋಗ್ತದೆ, ಚಾರ್ಜರ್ ಆಗಾಗ ಕಟ್ ಆಗ್ಲಿಕ್ಕೆ ಅದು ಸಾಕು. 40 A ಫ್ಯೂಸ್ ಎರಡು: ಒಂದು ಗಾಡಿ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ, ಇನ್ನೊಂದು ಲಿಥಿಯಂ ಹತ್ತಿರ. ಒಂದೇ ಫ್ಯೂಸ್ ನಡುವಲ್ಲಿ ಹಾಕುದು ವ್ಯರ್ಥ, ವಯರಿನ ಎರಡೂ ತುದಿಯಲ್ಲಿ ಕರೆಂಟು ಉಂಟಲ್ಲ.

ತಲಪಾಡಿಯಿಂದ ಬೇಕಲಕ್ಕೆ 50 ಕಿಲೋಮೀಟರ್ ಆಸುಪಾಸು. ಸುತ್ತಿ ಬಳಸಿ ಒಂದೂವರೆ ಗಂಟೆ ಎಂಜಿನ್ ಓಡಿದರೂ 380 Wh ಹತ್ತಿರ ಬರ್ತದೆ. ಖರ್ಚು 270. ಸೋಲಾರ್ ಬೇಡವೇ ಬೇಡ. ಫ್ರಿಜ್ ಇದ್ದರೆ ಇದೇ ಲೆಕ್ಕ ದಿನಾ 300 Wh ಕೊರತೆ ತೋರಿಸ್ತದೆ. ಇದು ಉದ್ದ ಓಡುವ ಪ್ರವಾಸ ಅಲ್ಲ, ಅಲ್ಲಲ್ಲಿ ನಿಲ್ಲುವ ಪ್ರವಾಸ. ನಿಂತ ಗಾಡಿಯಲ್ಲಿ ಆಲ್ಟರ್ನೇಟರ್ ಎಂತ ಕೊಡ್ತದೆ?

ಹಾಲು ಮೊಸರಿಗೆ 25 ಲೀಟರಿನ ದಪ್ಪ ಗೋಡೆಯ ಐಸ್ ಬಾಕ್ಸ್. ಮೀನಿನ ಬಂದರುಗಳ ಹತ್ತಿರ ಐಸ್ ಸಿಗ್ತದೆ. ಅದು ತಿನ್ನುವ ಐಸ್ ಅಲ್ಲ, ಪಾತ್ರೆಯ ಹೊರಗೆ ಮಾತ್ರ. 8 ಕಿಲೋ ಗಟ್ಟಿ ಐಸ್ ಎರಡು ದಿನ ಎಳೆದುಕೊಂಡು ಹೋಗ್ತದೆ.

ಅಕ್ಕಲಕೋಟಿ:
ಇಷ್ಟ್ಯಾಕ ತ್ರಾಸ ರೀ? ನಮ್ ಸೊಲ್ಲಾಪುರ ಕಡೆ ಬ್ಯಾಸಗ್ಯಾಗ ಕಿಟಕಿಗೆ ಖಸ್ (ಲಾವಂಚ) ಪರದಾ ಕಟ್ಟಿ ನೀರ್ ಹೊಡದು ಒಂದ್ ಸಣ್ಣ ಫ್ಯಾನ್ ಹಚ್ಚಿದ್ರ ಗಾಡಿ ಒಳಗ ತಂಪ ಅಂದ್ರ ತಂಪ.

ಅರ್ಥಿಂಗ್ ಅಣ್ಣ:
ನಿಮ್ಮಲ್ಲಿ ಗಾಳಿ ಒಣ, ನೀರು ಆವಿಯಾಗುವಾಗ ಶಾಖ ಎಳಕೊಂಡು ಹೋಗ್ತದೆ. ಕಾಸರಗೋಡಿನ ಕರಾವಳಿಯಲ್ಲಿ ಗಾಳಿಯೇ ಒದ್ದೆ. ಪರದೆಗೆ ನೀರು ಹೊಡೆದರೆ ಪರದೆ ಒದ್ದೆ, ಹಾಸಿಗೆ ಒದ್ದೆ, ತಂಪು ಮಾತ್ರ ಇಲ್ಲ. ಇಲ್ಲಿ ಗಾಳಿ ಓಡಬೇಕು ಅಷ್ಟೆ. ಮುಂದಿನ ಎರಡೂ ಬಾಗಿಲಿನ ಗಾಜು ಐದಿಂಚು ಇಳಿಸಿ, ಆ ಸಂದಿಗೆ ಕೂರುವ ಹಾಗೆ ಫೋಮ್ ಬೋರ್ಡು ಕತ್ತರಿಸಿ ಅದರಲ್ಲಿ ಕಂಪ್ಯೂಟರಿನ 120 mm 12 V ಫ್ಯಾನ್ ಒಂದೊಂದು. ನೆರಳಿನ ಬದಿಯದ್ದು ಒಳಕ್ಕೆ ಎಳೀಲಿ, ಇನ್ನೊಂದು ಹೊರಕ್ಕೆ ಬಿಡಲಿ. ಎರಡೂ ಒಳಕ್ಕೆ ಊದಿದರೆ ಗಾಳಿ ಒಳಗೇ ಸುತ್ತುತ್ತದೆ. ಹೊರಬದಿಗೆ ಸೊಳ್ಳೆ ಬಲೆ, ಗಾಜಿನ ಮೇಲೆ ರೇನ್ ವೈಸರ್.

ಅಕ್ಕಲಕೋಟಿ:
ಹಂಗಾದ್ರ ಬರೋಬ್ಬರಿ ಅದ. ನಮ್ ಕಡೆ ಬಂದ್ರ ಖಸ್ ತರ್ರಿ. ಸೊಲ್ಲಾಪುರದಿಂದ ಹೈದರಾಬಾದ್ ರೋಡಿನ್ಯಾಗ ನಳದುರ್ಗ ಕಿಲ್ಲೆ ಅದ, ಬೋರಿ ನದಿಗಿ ಅಡ್ಡ ಕಟ್ಟಿದ ಒಡ್ಡಿನ ಹೊಟ್ಟಿಯೊಳಗ ಪಾಣಿ ಮಹಲ್. ಮಳಿಗಾಲದಾಗ ನೀರ್ ಮ್ಯಾಲಿಂದ ಧುಮುಕತದ, ನೋಡೂವಂಥಾದ್ದು.

ಕುಂಬಳೆ ಕರೆ:
ಗಾಡಿಯೊಳಗಿನ ಸಾಮಾನಿನ ಬಗ್ಗೆ ಪುಟಗಟ್ಟಲೆ ಆಯ್ತು. ರಾತ್ರಿ ನಿಲ್ಲುವ ಜಾಗ ಮೊದಲು ನಿಗದಿ ಮಾಡಿ, ಸಾಮಾನು ಆಮೇಲೆ. ನಡೆದು ಹೋಗುವಷ್ಟು ಹತ್ತಿರ ಶೌಚಾಲಯ ಉಂಟು ಅಂತಾದರೆ ಪೋರ್ಟಬಲ್ ಟಾಯ್ಲೆಟ್ ಬೇಡ. ನಲ್ಲಿ ಉಂಟು ಅಂತಾದರೆ 50 ಲೀಟರ್ ನೀರು ಹೊರುವ ಬದಲು 20 ಲೀಟರ್ ಸಾಕು, 30 ಕಿಲೋ ಭಾರ ಇಳೀತು.

ಮೊದಲ ರಾತ್ರಿ ಕುಂಬಳೆ–ಮಧೂರು ಸುತ್ತ. ದೇವಸ್ಥಾನದ ಪಾರ್ಕಿಂಗಿನಲ್ಲಿ ನಿಲ್ಲುದಾದರೆ ಕಚೇರಿಯಲ್ಲಿ ಕೇಳಿಯೇ ನಿಲ್ಲಿ, ಸಂಜೆ ನಡೆ (ಗುಡಿಯ ಬಾಗಿಲು) ಮುಚ್ಚುವ ಮೊದಲು. ಆ ಆವರಣದಲ್ಲಿ ಒಲೆ ಹಚ್ಚಬೇಡಿ, ಮೀನು ಮೊಟ್ಟೆಯ ವಿಷಯ ಹೇಳಬೇಕಾಗಿಲ್ಲ. ಮಧೂರಿನಲ್ಲಿ ಡಿಸೆಂಬರ್ ಆದದ್ದಕ್ಕೆ ತೊಂದರೆ ಇಲ್ಲ. ಜೂನ್–ಆಗಸ್ಟ್ ಆದರೆ ಮಧುವಾಹಿನಿ ಉಕ್ಕಿ ಅಂಗಳಕ್ಕೇ ನೀರು ಬರ್ತದೆ, ಹೊಳೆ ಬದಿ ಗಾಡಿ ಬಿಟ್ಟು ಮಲಗುವ ಪ್ರಶ್ನೆಯೇ ಇಲ್ಲ.

ಎರಡನೇ ರಾತ್ರಿ ಬೇಕಲ–ಪಳ್ಳಿಕ್ಕೆರೆ. ಕಡಲ ಬದಿಯೇ ಬೇಕು ಅಂತ ಮನಸ್ಸಾಗ್ತದೆ, ಸಹಜ. ಆದರೆ ಬೀಚ್ ಪಾರ್ಕಿಂಗಿನಲ್ಲಿ ರಾತ್ರಿ ಬಿಡ್ತಾರೆ ಅಂತ ಗ್ರಹಿಸಬೇಡಿ, ಟಿಕೆಟ್ ಕೊಡುವವರನ್ನು ಕೇಳಿ. ಗಸ್ತಿನ ಪೊಲೀಸರು ಕಿಟಕಿ ತಟ್ಟಿದರೆ ಆಧಾರ್, RC, ಎಲ್ಲಿಂದ ಎಲ್ಲಿಗೆ, ಇಷ್ಟು ಹೇಳಿದರೆ ಮುಗೀತದೆ. ಬಿಡದಿದ್ದರೆ ಹೋಂಸ್ಟೇಯ ಅಂಗಳ ಕೇಳಿ. ರೂಮು ಬೇಡ, ಗಾಡಿ ನಿಲ್ಲಿಸ್ಲಿಕ್ಕೆ ಜಾಗ, ಒಂದು ಬಚ್ಚಲು, ರಾತ್ರಿ ಊಟ ನಿಮ್ಮಲ್ಲೇ ಅಂದರೆ ಹೆಚ್ಚಿನವರು ಒಪ್ತಾರೆ. ರೂಮಿನ ಅರ್ಧಕ್ಕಿಂತ ಕಡಿಮೆಗೆ ಆಗ್ತದೆ.

ಪೆಟ್ರೋಲ್ ಬಂಕ್ ಕೊನೆಯ ಉಪಾಯ. ಶೌಚಾಲಯ, ಬೆಳಕು, ಕ್ಯಾಮೆರಾ ಎಲ್ಲ ಉಂಟು. ಟ್ಯಾಂಕರಿನ ಸದ್ದೂ ಉಂಟು, ಬೆಂಕಿಕಡ್ಡಿ ಕೂಡ ಗೀರುವ ಹಾಗಿಲ್ಲ. ಸ್ನಾನಕ್ಕೆ, ಬಟ್ಟೆ ಬದಲಿಸ್ಲಿಕ್ಕೆ ‘ಟೇಕ್ ಎ ಬ್ರೇಕ್’ ಬೋರ್ಡಿರುವ ಪಂಚಾಯತಿನ ವಿಶ್ರಾಂತಿ ಕಟ್ಟಡ ನೋಡಿ, ಕೇರಳದ ರಸ್ತೆ ಬದಿಯಲ್ಲಿ ಅಲ್ಲಲ್ಲಿ ಉಂಟು.

ಮತ್ತೊಂದು, ಹೊರಗಿನವರಿಗೆ ತಲೆಗೆ ಹೋಗುದಿಲ್ಲ: ನೆರಳು ಅಂತ ತೆಂಗಿನ ಮರದ ಬುಡದಲ್ಲಿ ನಿಲ್ಲಬೇಡಿ. ರಾತ್ರಿ ಗಾಳಿಗೆ ಒಂದು ಕಾಯಿ ಬಿದ್ದರೆ ಮುಂದಿನ ಗಾಜು ಪುಡಿ, ಮಡಲು ಬಿದ್ದರೆ ತಗಡು ಗುಂಡಿ.

ಪಯಸ್ವಿನಿ:
ಪೊಸಡಿಗುಂಪೆಯಲ್ಲಿ ಒಂದು ರಾತ್ರಿ ಆಗ್ತದಾ? ಸೂರ್ಯಾಸ್ತ ನೋಡಿ ಅಲ್ಲೇ.

ಕುಂಬಳೆ ಕರೆ:
ಸೂರ್ಯಾಸ್ತ ನೋಡಿ, ಇಳಿದು ಬನ್ನಿ. ನೀರಿಲ್ಲ, ಶೌಚಾಲಯ ಇಲ್ಲ, ಬೋಳು ಮುರಕಲ್ಲ ಗುಡ್ಡ. ತುಲಾ ಮಳೆಯ ಮಿಂಚು ಅಕ್ಟೋಬರ್–ನವೆಂಬರಿನಲ್ಲಿ ಜೋರು, ಕೆಲವೊಮ್ಮೆ ಡಿಸೆಂಬರ್ ಮೊದಲ ವಾರಕ್ಕೂ ಎಳೀತದೆ. ಆಗ ಗುಡ್ಡದ ತುದಿಯಲ್ಲಿ ಟಾರ್ಪಲಿನ ಕಬ್ಬಿಣದ ಕಂಬ ನಿಲ್ಲಿಸುದು ಬುದ್ಧಿವಂತಿಕೆ ಅಲ್ಲ. ಮಿಂಚಿಗೆ ಗಾಡಿಯೊಳಗೆ ಗಾಜು ಏರಿಸಿ ಕೂರುದೇ ಕ್ಷೇಮ.

ಸ್ಪ್ಯಾನರ್ ಪೆಟ್ಟಿಗೆ:
ಗ್ಯಾಸಿನ ಬಗ್ಗೆ ಯಾರೂ ಹೇಳಲಿಲ್ಲ. 5 ಕಿಲೋ ಸಿಲಿಂಡರ್ ಸಾಕು, ಹೆಚ್ಚೇ ಆಯ್ತು. ISI ಗುರುತಿನ ಸುರಕ್ಷಾ ಪೈಪ್, ಒಂದೂವರೆ ಮೀಟರಿಗಿಂತ ಉದ್ದ ಬೇಡ. LPG ಗಾಳಿಗಿಂತ ಭಾರ, ಸೋರಿದರೆ ಮೂಗಿಗೆ ಬರುವ ಮೊದಲು ಮಂಚದ ಅಡಿಯಲ್ಲಿ ತುಂಬಿಕೊಳ್ತದೆ. ಆದ್ದರಿಂದ ಅಡಿಗೆ ಹೊರಗೆ, ಹಿಂದಿನ ಬಾಗಿಲು ಎತ್ತಿ ಅದರ ಅಡಿಯಲ್ಲಿ. ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಕಳಚಿ ಮುಚ್ಚಳ ಹಾಕಿ. 230 ಗ್ರಾಮಿನ ಬ್ಯುಟೇನ್ ಡಬ್ಬಿ ತರುದಾದರೆ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ, ಅದರ ಮೈಮೇಲೇ 50 ಡಿಗ್ರಿ ಮಿತಿ ಅಂತ ಬರೆದಿರ್ತದೆ. ಮುಚ್ಚಿದ ಈಕೋ ಡ್ಯಾಶ್‌ಬೋರ್ಡು ಅದನ್ನು ಸುಲಭದಲ್ಲಿ ದಾಟ್ತದೆ.

ಎಂಜಿನ್ ಓಡಿಸಿ ಎಸಿ ಹಾಕಿ ಮಲಗುದು, ಪಕ್ಕದಲ್ಲಿ ಜನರೇಟರ್ ಇಡುದು ಎರಡೂ ಬೇಡ. 2024ರ ಡಿಸೆಂಬರಿನಲ್ಲಿ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕಾರವಾನಿನಲ್ಲಿ ಇಬ್ಬರು ತೀರಿಕೊಂಡದ್ದು ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದು. ವಾಸನೆ ಇಲ್ಲ, ಕೆಮ್ಮು ಬರುದಿಲ್ಲ, ನಿದ್ದೆಯಲ್ಲೇ ಮುಗೀತದೆ. ಬ್ಯಾಟರಿಯ CO ಅಲಾರಂ ಒಂದು ತಲೆದಿಂಬಿನ ಎತ್ತರದಲ್ಲಿ ಇರಲಿ. ಫ್ರಿಜ್ಜಿಗೆ ಹಾಕುವ ದುಡ್ಡಿನಲ್ಲಿ ಅದು ಚಿಲ್ಲರೆ.

ನಾಯ್ಕಾಪು ಕ್ರಾಸ್:
ದಾರಿಯ ವಿವರ, ಮ್ಯಾಪ್ ಹೇಳದ್ದು ಮಾತ್ರ.

ತಲಪಾಡಿಯ ಕರ್ನಾಟಕ ಬದಿಯಲ್ಲೇ ಟ್ಯಾಂಕ್ ಫುಲ್ ಮಾಡಿ. ಗಡಿ ದಾಟಿದರೆ ಲೀಟರಿಗೆ ಕೆಲವು ರೂಪಾಯಿ ಹೆಚ್ಚು. ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ (200 ಟ್ರಿಪ್, ಖಾಸಗಿ ಕಾರು–ಜೀಪು–ವ್ಯಾನಿಗೆ) ಮೊದಲೇ ಇದ್ದರೆ ಬಳಸಿ, ಈ ಒಂದು ಪ್ರವಾಸಕ್ಕಾಗಿ ಮಾಡಿಸಿದರೆ ನಷ್ಟ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಈಗ ‘ಗಿಳಿವಿಂಡು’ ಸ್ಮಾರಕ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಗೌರವಿಸಿದ ಕವಿಯ ಮನೆ ಹೆದ್ದಾರಿಯ ಇಷ್ಟು ಹತ್ತಿರ ಇದ್ದರೂ ಬೇಕಲಕ್ಕೆ ಓಡುವವರು ಯಾರೂ ಇಳಿಯುದಿಲ್ಲ. ಆರು ಲೇನ್ ಆದ ಮೇಲೆ ಮತ್ತೂ ಕಷ್ಟ. ಸರ್ವಿಸ್ ರೋಡಿಗೆ ಇಳಿಯುವ ಜಾಗ ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕು. ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಎಲ್ಲ ಕಡೆ ಇದೇ. ಪೇಟೆ ಬರುವ ಮೊದಲೇ ಎಡಕ್ಕೆ ಇಳಿದುಬಿಡಿ.

ಅನಂತಪುರಕ್ಕೆ ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ಬಂದು ನಾಯ್ಕಾಪಿನಲ್ಲಿ ತಿರುಗಬೇಕು. ಕೆರೆಯ ನಡುವೆ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅಂತ ನಂಬಿಕೆ, ಮೂಲದ ಮೂರ್ತಿ ಕಡುಶರ್ಕರ ಪಾಕದ್ದು (ಔಷಧಿ ದ್ರವ್ಯಗಳ ಮಿಶ್ರಣ). ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿದೆ. ಮಧ್ಯಾಹ್ನ ನಡೆ ಮುಚ್ಚಿರ್ತದೆ, ಬೆಳಿಗ್ಗೆಯೇ ಹೋಗಿ. ಅಲ್ಲಿಂದ ವಾಪಸ್ ಹೆದ್ದಾರಿಗೆ ಬರುದು ಬೇಡ. ಸೀತಾಂಗೋಳಿ, ಉಳಿಯತ್ತಡ್ಕ ದಾರಿಯಾಗಿ ಮಧೂರು. ಗಜಪೃಷ್ಠದ (ಆನೆ ಬೆನ್ನಿನ ಆಕಾರದ) ಮಾಡಿಗೆ ತಾಮ್ರದ ಹೊದಿಕೆ, ಸಂಜೆ ಬಿಸಿಲಿಗೆ ನೋಡಬೇಕು. ಅಪ್ಪ ಪ್ರಸಾದ ಮರೀಬೇಡಿ.

ಇನ್ನು ಎಲ್ಲರೂ ದಾರಿ ತಪ್ಪುವ ಜಾಗ. ಕಾಸರಗೋಡಿನಿಂದ ಬೇಕಲಕ್ಕೆ NH 66 ಹಿಡಿದರೆ ಅದು ಚೆರ್ಕಳ, ಪೊಯಿನಾಚಿ, ಪೆರಿಯ ಅಂತ ಒಳಗಿಂದ ಹೋಗ್ತದೆ. ಕೋಟೆ ಕಡಲ ಬದಿಯಲ್ಲಿ. ಪೇಟೆಯಿಂದಲೇ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ದಾರಿ ಹಿಡಿಯಿರಿ. ಅದೇ ರಸ್ತೆ ಮುಂದೆ ಕಾಞಂಗಾಡಿಗೆ ಸೇರ್ತದೆ. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಕೇರಳದಲ್ಲೇ ದೊಡ್ಡದು, ಸುಮಾರು 40 ಎಕರೆ. ಒಳಗೆ ನೆರಳು ಕಮ್ಮಿ, ಮುರಕಲ್ಲು ಮಧ್ಯಾಹ್ನ ಕಾವಲಿಯ ಹಾಗೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಒಳಗಿರಿ. ಡಿಸೆಂಬರ್ ಅಂದರೆ ತೆಯ್ಯಂ ಕಾಲವೂ ಹೌದು. ಕಾಞಂಗಾಡು, ನೀಲೇಶ್ವರ ಸುತ್ತ ಎಲ್ಲಾದರೂ ಕಾವಿನಲ್ಲಿ (ದೇವರ ಬನ) ಕಳಿಯಾಟ (ತೆಯ್ಯಂ ಉತ್ಸವ) ಇದ್ದರೆ ರಾತ್ರಿ ಅಲ್ಲೇ ಕಳೆದುಹೋಗ್ತದೆ, ನಿಲ್ಲುವ ಜಾಗದ ಚಿಂತೆಯೇ ಇಲ್ಲ.

ಪಯಸ್ವಿನಿ:
ಕರಿಕೆ ದಾರಿ ಈಕೋಗೆ ಆಗ್ತದಾ? ಒಟ್ಟು ಭಾರ ಎಷ್ಟರವರೆಗೆ?

ಸ್ಪ್ಯಾನರ್ ಪೆಟ್ಟಿಗೆ:
ಭಾರ RCಯಲ್ಲೇ ಉಂಟು: ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ನಿಮ್ಮದು ಹೀಗೆ ಬರ್ತದೆ: ಇಬ್ಬರು 130, ಮಂಚ ಹಾಸಿಗೆ 40, ನೀರು 20, ಬ್ಯಾಟರಿ 7, ಗ್ಯಾಸು ಪಾತ್ರೆ 18, ಐಸ್ ಬಾಕ್ಸ್ 15, ಬಟ್ಟೆ ಉಪಕರಣ 40. 270 ಕಿಲೋ. ಐದು ಜನ ಕೂತದ್ದಕ್ಕಿಂತ ಕಡಿಮೆ, ತೊಂದರೆ ಇಲ್ಲ. ಆದರೆ ಹೆಚ್ಚಿನದ್ದು ಹಿಂದಿನ ಚಕ್ರದ ಮೇಲೆ. ನೀರು ಮತ್ತು ಬ್ಯಾಟರಿ ಮುಂದಿನ ಸೀಟಿನ ಬೆನ್ನಿಗೆ ತಾಗಿ ಇರಲಿ, ರ‍್ಯಾಚೆಟ್ ಪಟ್ಟಿಯಲ್ಲಿ ಬಿಗಿಯಿರಿ. ಟೈರಿನ ಗಾಳಿ, ಬಾಗಿಲ ಸ್ಟಿಕ್ಕರಿನಲ್ಲಿರುವ ಪೂರ್ಣ ಲೋಡಿನ ಅಂಕೆಗೆ, ತಣ್ಣಗಿನ ಟೈರಿನಲ್ಲಿ.

ಪಾಣತ್ತೂರಿನಿಂದ ಭಾಗಮಂಡಲ 30 ಕಿಲೋಮೀಟರ್ ಆಸುಪಾಸು, ಎರಡು ಗಂಟೆ ಇಡಿ. ಕಿರಿದಾದ ಘಾಟಿ, ಕೆಲವು ಕಡೆ ಒಂದೇ ಗಾಡಿಯ ಅಗಲ, ಆನೆ ಓಡಾಡುವ ಕಾಡು, ನೆಟ್‌ವರ್ಕ್ ನೆಚ್ಚಬೇಡಿ. ಮಧ್ಯಾಹ್ನ ಮೂರಕ್ಕೆ ಮೇಲೆ ಹೊರಡಬೇಡಿ. ಪೆಟ್ರೋಲ್ ಕಾಞಂಗಾಡಿನಲ್ಲೇ ತುಂಬಿಸಿ. ತಿರುವಿನಲ್ಲಿ ಹಾರ್ನ್, ಹತ್ತುವ ಗಾಡಿಗೆ ಮೊದಲ ದಾರಿ. ಇಳಿಯುವಾಗ ಎರಡನೇ ಗೇರು, ಬ್ರೇಕು ಬಿಟ್ಟು ಬಿಟ್ಟು. ಸುಟ್ಟ ವಾಸನೆ ಬಂತು, ಪೆಡಲು ಮೆತ್ತಗಾಯ್ತು ಅಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಬಿಸಿ ಡ್ರಮ್ಮಿಗೆ ನೀರು ಹೊಯ್ದರೆ ಬಿರುಕು ಬಿಡ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಅಂಟಿಕೊಳ್ಳಬಹುದು, ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಆಚೆ ಇಡಿ.

ಮಳೆ ಬಂದು ಮಣ್ಣು ಕುಸಿದಿದೆ ಅಂತ ಕೇಳಿದರೆ ಪಾಣತ್ತೂರಿನಿಂದಲೇ ಕಲ್ಲಪಳ್ಳಿ ದಾರಿಯಾಗಿ ಸುಳ್ಯಕ್ಕೆ ಬಂದು ಮಡಿಕೇರಿ ಹೆದ್ದಾರಿ ಹಿಡಿಯಿರಿ.

ರಾಣಿಪುರಂ ಗುಡ್ಡ ಅರಣ್ಯ ಇಲಾಖೆಯದ್ದು. ಟಿಕೆಟು ಬೆಳಿಗ್ಗೆಯೇ ಮಾಡಿ, ಹೊತ್ತು ಮೀರಿದರೆ ಗುಡ್ಡಕ್ಕೆ ಬಿಡುದಿಲ್ಲ. ತುದಿಯಲ್ಲಿ ಟೆಂಟಿಲ್ಲ, ರಾತ್ರಿ ಕೆಳಗಿನ ಹೋಂಸ್ಟೇ ಅಂಗಳದಲ್ಲೇ. ಅಲ್ಲಿ ಚಳಿ ಉಂಟು, ಒಂದು ದಪ್ಪ ಕಂಬಳಿ ಬೇಕು.

ಹೊಸೂರ್ ಗೇಟ್:
ಭಾಗಮಂಡಲದಿಂದ ಮೈಸೂರು, ಊಟಿ ಅಂತ ಮುಂದುವರಿಸೋರು ಇದ್ದರೆ: ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6 ಬಂದ್, ನೀಲಗಿರಿಗೆ ಇ-ಪಾಸ್ ಬೇಕು. ಗೇಟ್ ಹತ್ತಿರ ಗಾಡಿ ನಿಲ್ಲಿಸಿ ಮಲಗೋಕೆ ಬಿಡಲ್ಲ, ಗುಂಡ್ಲುಪೇಟೆಯಲ್ಲೇ ನಿಲ್ಲಿ.

ಪಯಸ್ವಿನಿ:
ಪಾತ್ರೆ ತೊಳೆದ ನೀರು, ಕಸ?

ಕುಂಬಳೆ ಕರೆ:
ನೀರನ್ನು 10 ಲೀಟರಿನ ಮುಚ್ಚಳದ ಬಕೆಟಿನಲ್ಲಿ ಹಿಡಿಯಿರಿ. ತಟ್ಟೆಯನ್ನು ಮೊದಲು ಹಳೆ ಪೇಪರಿನಲ್ಲಿ ಒರೆಸಿದರೆ ಅರ್ಧ ನೀರು ಸಾಕು. ನಿಂತ ಮನೆಯವರು ಹೇಳಿದ ತೆಂಗಿನ ಬುಡಕ್ಕೆ ಚೆಲ್ಲಿ, ಸೋಪು ಕಮ್ಮಿ ಇರಲಿ. ರಸ್ತೆಗೆ, ತೋಡಿಗೆ ಚೆಲ್ಲಿದರೆ ಪಂಚಾಯತ್ ದಂಡ ಹಾಕ್ತದೆ, ಗಾಡಿ ನಂಬರು ಫೋಟೋ ತೆಗೆದು ಕಳಿಸುವವರು ಇಲ್ಲಿ ಬೇಕಷ್ಟು ಜನ ಉಂಟು. ಪ್ಲಾಸ್ಟಿಕ್ ತೊಳೆದು ಒಣಗಿಸಿ ಬೇರೆ ಚೀಲದಲ್ಲಿಡಿ. ಹೋಂಸ್ಟೇಯವರು ಹರಿತ ಕರ್ಮಸೇನೆಗೆ (ಮನೆಮನೆಯಿಂದ ಕಸ ಸಂಗ್ರಹಿಸುವವರು) ಕೊಡ್ತಾರೆ, ಒದ್ದೆ ಇದ್ದರೆ ಅವರೂ ತಗೊಳ್ಳುದಿಲ್ಲ.